ರಾಯ್ನೇರಿಯೋ ಕೊಟ್ಟ ಹೆಣ್ಣು

ಇಗರ್ಜಿಯ ಬಾಗಿಲಲ್ಲಿ ಉಂಗುರ ಹಿಡಿದು ನಿಂತಿದ್ದ ಒಬೆರ್ತೋನ ಮುಂದೆ ಗಿಸ್ಲಾ ಕೈ ಚಾಚಲಿಲ್ಲ. ಹೋದ ಸುಗ್ಗಿಯಲ್ಲಿ ಅವಳ ಅಣ್ಣ ಆರ್ದೂಯಿನೋನನ್ನು ಹೊಳೆ ದಾಟುವಾಗ ಇರಿದು ಕೊಂದವನು ಅವನೇ. ಎರಡು ಕೋಟೆಗಳ ಹಗೆ ಇಲ್ಲಿಗೆ ಮುಗಿಯಲೆಂದು ಬಿಷಪ್ಪರು ಈ ಸಂಬಂಧ ಕುದುರಿಸಿದ್ದರು. ಹೊಳೆಯಾಚೆಯ ಕಾಡು ತನಗೆ ಬರುವುದಾದರೆ ಆಗಬಹುದು ಎಂದು ಅವಳ ತಂದೆ ಕೌಂಟ್ ರಾಯ್ನೇರಿಯೋ ಒಪ್ಪಿದ್ದ.

"ಅಪ್ಪ, ಅಣ್ಣನ್ನ ಕೊಂದ ಕೈಯಿಂದ ಉಂಗುರ ಹಾಕಿಸ್ಕೊಳ್ಬೇಕಾ?" ಎಂದು ಅವಳು ಮೆಲ್ಲಗೆ ಕೇಳಿದಳು.

"ಹಾಗಾದ್ರೆ ಎಡಗೈಯಿಂದ ಹಾಕಿಸ್ಕೋ," ಎಂದ ರಾಯ್ನೇರಿಯೋ.

ಸುತ್ತಲಿದ್ದ ಸವಾರರು ನಕ್ಕರು. ಒಬೆರ್ತೋ ನಗಲಿಲ್ಲ. ಉಂಗುರವನ್ನು ನಿಜವಾಗಿಯೂ ಎಡಗೈಗೆ ಬದಲಾಯಿಸಿಕೊಂಡು ತೊಡಿಸಿದ.

ಅಂದಿನ ಊಟದಲ್ಲಿ ಅಳಿಯನಿಗೆ ದ್ರಾಕ್ಷಾರಸ ಬಗ್ಗಿಸುವಂತೆ ರಾಯ್ನೇರಿಯೋ ಹೆಂಡತಿ ಎರ್ಮಿನಾಗೆ ಹೇಳಿದ. ಆಳುಗಳಿದ್ದಾರಲ್ಲ ಎಂದು ಯಾರೋ ಅಂದರು. ನೆಂಟರ ಮುಂದೆ ಮನೆಯೊಡತಿಯೇ ಬಡಿಸಬೇಕು ಎಂದು ಅವನು ಪಟ್ಟು ಹಿಡಿದ. ಎರ್ಮಿನಾ ಒಂದು ಹನಿಯೂ ಚೆಲ್ಲದಂತೆ ಬಗ್ಗಿಸಿದಳು. ಆಮೇಲೆ ಅವಳು ಗಂಡನೊಡನೆ ಮಾತಾಡಲಿಲ್ಲ. ಹಿಮ ಬೀಳುವ ಹೊತ್ತಿಗೆ ಹಾಸಿಗೆ ಹಿಡಿದಳು. ಮಗಳನ್ನು ಕರೆಸಿ ಎಂದು ಸನ್ನೆಯಲ್ಲೇ ಬೇಡಿದಳು. ಕೊಟ್ಟ ಹೆಣ್ಣು ಇಷ್ಟು ಬೇಗ ತವರಿಗೆ ಬಂದರೆ ಜನ ಏನೆಂದಾರು ಎಂದು ಅವನು ಕರೆಸಲಿಲ್ಲ. ಸತ್ತ ಮೇಲೆ ಹೇಳಿ ಕಳಿಸಿದ.

ಎರಡನೆಯ ವರ್ಷ ಗಿಸ್ಲಾ ಗಂಡು ಹೆತ್ತಳು. ಬೇರೆ ವಾರಸುದಾರರಿಲ್ಲದ ರಾಯ್ನೇರಿಯೋ ತಾನೇ ಕುದುರೆಯೇರಿ ಬಂದ. ಮಗುವಿಗೆ ಆರ್ದೂಯಿನೋ ಎಂದು ಹೆಸರಿಡಬೇಕು, ತನ್ನ ಕೋಟೆಯಲ್ಲೇ ಬೆಳೆಸಬೇಕು ಎಂಬುದು ಅವನ ಆಸೆ. ತೊಟ್ಟಿಲಿಗೆ ಬಗ್ಗಿದವನು ಬಹಳ ಹೊತ್ತು ತಲೆಯೆತ್ತಲಿಲ್ಲ. ಮಗುವಿನ ಹಣೆ, ಗಲ್ಲ ಎಲ್ಲ ಸತ್ತ ಮಗನದೇ.

"ಆ ಹೆಸರಿಡು ಅಂತ ಅಮ್ಮ ಕೇಳಿದ್ದಿದ್ರೆ ಇಡ್ತಿದ್ದೆ," ಎಂದಳು ಗಿಸ್ಲಾ. "ನಿಮಗೆ ಕೊಡಲ್ಲ."

"ವಯಸ್ಸಾದವರು. ಕೇಳ್ತಿರೋದು ಒಂದು ಹೆಸರು ತಾನೇ?" ಎಂದ ಒಬೆರ್ತೋ.

ಅವಳು ಗಂಡನತ್ತ ನೋಡಲೂ ಇಲ್ಲ. ಮಗುವಿಗೆ ಒಬೆರ್ತೋ ಎಂದೇ ಹೆಸರಿಟ್ಟಾಗಿದೆ, ತನ್ನ ಅಪ್ಪನ ಕೋಟೆ ಹೇಗಿದ್ದರೂ ಮುಂದೆ ಮಗುವಿನದೇ, ಅಲ್ಲಿಯವರೆಗೆ ಮಗು ಅಲ್ಲಿಗೆ ಕಾಲಿಡುವುದಿಲ್ಲ ಎಂದಳು. ಅಪ್ಪನಿಗೆ ಊಟ ಹಾಕಿಸಿ ಎಂದು ಆಳಿಗೆ ಹೇಳಿ, ಮೇಜಿನ ಕೊನೆಯಲ್ಲಿ, ಕುದುರೆ ನೋಡಿಕೊಳ್ಳುವವರ ಪಕ್ಕದ ಜಾಗ ತೋರಿಸಿದಳು.

ರಾಯ್ನೇರಿಯೋ ಅಲ್ಲೇ ಕೂತ. ಪಕ್ಕದವನು ಸ್ವಲ್ಪ ಸರಿದು ಜಾಗ ಕೊಟ್ಟ. ರೊಟ್ಟಿ ಗಟ್ಟಿಯಾಗಿತ್ತು. ಅವನು ಅದನ್ನು ಮುರಿದು, ದ್ರಾಕ್ಷಾರಸದಲ್ಲಿ ಅದ್ದಿ, ಮೆತ್ತಗಾಗಲೆಂದು ಕಾಯುತ್ತ ಕೂತ.