ಕರೆಪೆಟ್ಟಿಗೆಯ ಸೀಮೆಸುಣ್ಣ

ನನಗೊಂದು ಅಳುಕಿದೆ. ಯಾರಿಗೂ ಹೇಳಿಲ್ಲ, ಹೇಳಿಕೊಳ್ಳುವಷ್ಟು ದೊಡ್ಡದೂ ಅಲ್ಲ. ನನ್ನ ದನಿ ಕೇಳಿ ಓಡಿ ಬಂದವರು, ಹತ್ತಿರ ಬಂದ ಮೇಲೆ, ತಾವು ಹುಡುಕಿಕೊಂಡು ಬಂದವಳು ಅಲ್ಲಿಲ್ಲ ಎಂದು ಕಂಡಾಗ ಏನಂದುಕೊಂಡಿರಬಹುದು? ಇಷ್ಟೇ. ಇದನ್ನೇ ಯೋಚಿಸಿ ಯೋಚಿಸಿ ದಣಿದಿದ್ದೇನೆ.

ನಾನು ಒಂದು ಕರೆಪೆಟ್ಟಿಗೆ. ಗೇಣುದ್ದದ ಮರದ ಪೆಟ್ಟಿಗೆ. ಮೈ ದೇವದಾರಿನದು, ಮುಚ್ಚಳ ಅಕ್ರೋಟಿನದು. ಮುಚ್ಚಳವನ್ನು ಒಂದೇ ಒಂದು ತಿರುಪಿನಲ್ಲಿ ಸಡಿಲವಾಗಿ ಕೂರಿಸಿದ್ದಾರೆ. ಅದರ ಹಿಡಿಕೆ ಹಿಡಿದು ಅತ್ತಿತ್ತ ಎಳೆದರೆ ಅದು ನನ್ನ ತೆಳುವಾದ ಎರಡು ಅಂಚುಗಳಿಗೆ ಉಜ್ಜುತ್ತದೆ. ಆಗ ಹೆಣ್ಣು ಟರ್ಕಿ ಕೋಳಿಯ ಕೂಗು ಹೊರಡುತ್ತದೆ. ಆ ಅಂಚುಗಳನ್ನು ನನ್ನ ತುಟಿಗಳೆನ್ನಿ.

ಅಮೆರಿಕದ ಒಂದು ಗುಡ್ಡಸೀಮೆಯಲ್ಲಿ ಹಾರ್ಲನ್ ಎಂಬ ಬೇಟೆಗಾರ ಚಳಿಗಾಲವಿಡೀ ಒಲೆಯ ಪಕ್ಕ ಕೂತು ನನ್ನನ್ನು ಕೆತ್ತಿದ. ಮೈಗೆಲ್ಲ ಎಣ್ಣೆ ಒರೆಸಿ ಮಿರುಗಿಸಿದ. ತುಟಿಗಳನ್ನು ಮಾತ್ರ ಒಣದಾಗಿ ಬಿಟ್ಟ. ಅವಕ್ಕೆ ಬೇಕಾದದ್ದು ಎಣ್ಣೆಯಲ್ಲ, ಸೀಮೆಸುಣ್ಣ. ಅದೂ ಎಲ್ಲ ಸೀಮೆಸುಣ್ಣವೂ ಆಗುವುದಿಲ್ಲ. ಎಣ್ಣೆಯ ಅಂಶ, ಮೇಣದ ಅಂಶ ಇದ್ದರೆ ತುಟಿ ನುಣುಪಾಗಿ ಹೊಳೆಯತೊಡಗುತ್ತದೆ, ದನಿ ಜಾರಿ ಹೋಗುತ್ತದೆ. ಹಾರ್ಲನ್ ಪ್ರತಿ ಸೀಮೆಸುಣ್ಣವನ್ನೂ ಮೊದಲು ಬೆರಳಲ್ಲಿ ಪುಡಿಮಾಡಿ ನೋಡುತ್ತಿದ್ದ. ಪುಡಿ ಗಾಳಿಗೆ ಹಾರಿದರೆ ಸರಿ. ಚರ್ಮಕ್ಕೆ ಅಂಟಿಕೊಂಡರೆ ಎಸೆದುಬಿಡುತ್ತಿದ್ದ. ಬರಿಗೈಯಿಂದ ನನ್ನ ತುಟಿ ಮುಟ್ಟಲು ಯಾರನ್ನೂ ಬಿಡುತ್ತಿರಲಿಲ್ಲ. ಬೆವರಿನ ಜಿಡ್ಡೂ ಸಾಕು ನನ್ನನ್ನು ಮೂಕಳನ್ನಾಗಿಸಲು.

ವಸಂತದ ಬೆಳಗಿನಲ್ಲಿ ಅವನು ಮರದ ಬುಡಕ್ಕೆ ಒರಗಿ ನನ್ನನ್ನು ಕೂಗಿಸುತ್ತಿದ್ದ. ದೂರದ ಕಣಿವೆಯಿಂದ ಹುಂಜವೊಂದು ಉತ್ತರ ಕೊಡುತ್ತಿತ್ತು. ಬಾಲ ಬಿಚ್ಚಿ, ಎದೆಯುಬ್ಬಿಸಿ, ಮದುವೆಗೆ ಹೊರಟವನ ಹಾಗೆ ಬರುತ್ತಿತ್ತು. ಆಮೇಲೆ ಬಂದೂಕು. ಹೀಗೆ ಎಷ್ಟು ವರ್ಷ ಹೋದವೋ. ಹಾರ್ಲನ್‌ಗೆ ವಯಸ್ಸಾಯಿತು, ಕೈ ನಡುಗತೊಡಗಿತು, ಕೊನೆಗೆ ಹಾಸಿಗೆ ಹಿಡಿದ. ಅವನನ್ನು ನೋಡಿಕೊಂಡ ನರ್ಸು ಸಾಲೋಮಿ, ಗದಗ ಬೆಟಗೇರಿಯವಳು. ತನ್ನ ತಮ್ಮ ಟರ್ಕಿ ಕೋಳಿ ಸಾಕುತ್ತಾನೆ ಎಂದು ಅವಳು ಹೇಳಿದ್ದಕ್ಕೆ ಮುದುಕ ನಕ್ಕು, ನನ್ನನ್ನೂ ಒಂದು ಸೀಮೆಸುಣ್ಣವನ್ನೂ ಅವಳ ಕೈಗಿಟ್ಟ.

ಬೆಟಗೇರಿಯ ಊರಾಚೆ ಆ ತಮ್ಮ ಸಮಾಧಾನಪ್ಪನ ಮನೆ. ಹಿಂದೆ ತಂತಿ ಬೇಲಿಯ ಕೋಳಿ ಅಂಗಳ, ಅದರಾಚೆ ಹುಣಸೆ ಮರಗಳ ಬಯಲು. ಹಗಲೆಲ್ಲ ಬಯಲಲ್ಲಿ ಮೇಯುವ ಕೋಳಿಗಳನ್ನು ಸಂಜೆ ಒಳಗೆ ಕೂಡುವುದೇ ದೊಡ್ಡ ಕೆಲಸ. ಊರಿಗೆ ಬಂದ ಸಾಲೋಮಿ ನನ್ನನ್ನು ತೋರಿಸಿದಾಗ ಸಮಾಧಾನಪ್ಪ ಹಿಡಿಕೆ ಎಳೆದ. ಬಾಗಿಲ ಕೀಲು ಕಿರುಗುಟ್ಟಿದಂತಾಯಿತು.

"ನಿನ್ನ ಕೈ ಒಡ್ಡ ಕೈ. ತುಟಿ ಮ್ಯಾಲೆ ಬೆರಳ ಇಡಬ್ಯಾಡೋ, ಕೈಯಾಗಿನ ಜಿಡ್ಡ ಹತ್ತತೈತಿ," ಎಂದಳು ಸಾಲೋಮಿ. "ತಬ್ಬೀ, ನೀ ಹಿಡಿಯವಾ."

ತಬ್ಬಿ ಎಂದರೆ ಸಮಾಧಾನಪ್ಪನ ಮಗಳು ತಬಿಥಾ. ಬಿ.ಎ. ಮುಗಿಸಿ ಮನೆಯಲ್ಲಿದ್ದಳು. ಮಾತು ಕಡಿಮೆ; ಹೇಳಬೇಕಾದದ್ದನ್ನೆಲ್ಲ ಒಂದು ನೀಲಿ ಡೈರಿಗೆ ಹೇಳುತ್ತಿದ್ದಳು. ಅವಳು ಹಿಡಿಕೆಯನ್ನು ಎಷ್ಟು ಹಗುರವಾಗಿ ಎಳೆದಳೆಂದರೆ, ಬಯಲಿನ ಅಷ್ಟೂ ಕತ್ತುಗಳು ಒಟ್ಟಿಗೆ ಮೇಲೆದ್ದವು. ಅಂದಿನಿಂದ ಸಂಜೆಯ ಕರೆ ಅವಳದಾಯಿತು. ಕರೆಯುತ್ತಿದ್ದಳು, ಬರುತ್ತಿದ್ದವು, ಜೋಳ ಚೆಲ್ಲುತ್ತಿದ್ದಳು. ನನ್ನ ಕೂಗಿನ ಕೊನೆಗೆ ಕಾಳು ಸಿಗುವುದನ್ನು ನಾನು ಮೊದಲ ಬಾರಿ ಕಂಡೆ.

ಮಳೆಗಾಲ ಮುಗಿಯುವಷ್ಟರಲ್ಲಿ ಹಾರ್ಲನ್ ಕೊಟ್ಟ ಸೀಮೆಸುಣ್ಣ ಸವೆದು ಹೋಯಿತು. ಹೊಸ ಸೀಮೆಸುಣ್ಣ, ಆ ಕಡೆಯವರ ಮಾತಿನಲ್ಲಿ ಖಡು, ತರಲು ತಂದೆ ಮಗಳು ನನ್ನನ್ನು ಚೀಲದಲ್ಲಿಟ್ಟುಕೊಂಡು ಪೇಟೆಗೆ ಹೋದರು.

"ಏನ್ ಸಮಾಧಾನಪ್ಪಾ, ಈ ವಯಸ್ಸಿನ್ಯಾಗ ಸಾಲಿಗೆ ಹೊಂಟೀಯೇನು, ಖಡು ಕೇಳಾಕತ್ತಿ?" ಎಂದ ಅಂಗಡಿಯ ಕೊಟ್ರಪ್ಪ.

"ನಾ ಎಲ್ಲಿ ಹೊಂಟೇನಿ ಮಾರಾಯಾ. ನನ್ನ ಕೋಳಿ ಹೊಂಟಾವ."

"ಹಂಗಾರ ಇದನ್ನ ಒಯ್ಯಿ. ಧೂಳ ಬೀಳಾಂಗಿಲ್ಲ. ಮಾಸ್ತರ ಮಂದಿ ಇದನ್ನ ಕೇಳತಾರ."

ತಬಿಥಾ ಅದನ್ನು ಬೆರಳಲ್ಲಿ ತಿಕ್ಕಿದಳು. ಪುಡಿ ಬೆರಳಿಗೇ ಅಂಟಿತು. ತಲೆಯಾಡಿಸಿದಳು. ರಂಗೋಲಿ ಪುಡಿಯನ್ನೂ ನೋಡಿದಳು, ಅದು ತರಿತರಿ. ಕೊನೆಗೆ ಮೂಲೆಯ ಡಬ್ಬಿಯಲ್ಲಿ ಮುರಿದು ಬಿದ್ದಿದ್ದ, ಯಾರೂ ಕೊಳ್ಳದ ಅಗ್ಗದ ಸೀಮೆಸುಣ್ಣವನ್ನು ಮುಟ್ಟಿದಳು. ಊದಿದ ಕೂಡಲೇ ಕೊಟ್ರಪ್ಪನ ಮೀಸೆ ಬೆಳ್ಳಗಾಯಿತು.

"ಇದು," ಎಂದಳು. ಅವತ್ತು ಅಂಗಡಿಯಲ್ಲಿ ಅವಳಾಡಿದ ಮಾತು ಅದೊಂದೇ. ಸರಿಯಾಗಿ ಆರಿಸಿದ್ದಳು. ನನ್ನ ದನಿ ಮತ್ತೆ ತುಂಬಿ ಬಂತು.

ಡಿಸೆಂಬರ್ ಬಂತು. ಕ್ರಿಸ್‌ಮಸ್‌ಗೆ ಮೂರು ದಿನ ಇದ್ದಾಗ ಹುಬ್ಬಳ್ಳಿಯ ವ್ಯಾಪಾರಿ ಹುಸೇನಸಾಬ ವ್ಯಾನು ತಂದ. ತಬಿಥಾ ಎಂದಿನಂತೆ ಕರೆದಳು. ಎಂದಿನಂತೆ ಬಂದವು. ಆದರೆ ಆ ಸಂಜೆ ಜೋಳ ಚೆಲ್ಲಲಿಲ್ಲ, ಬೇಲಿಯ ಬಾಗಿಲು ಹಾಕಿದರು. ಕಾಲು ಕಟ್ಟಿ ವ್ಯಾನಿಗೆ ಏರಿಸುವಾಗ ಒಂದು ಹುಂಜ ಮಾತ್ರ ಕತ್ತು ತಿರುಗಿಸಿ ಅವಳನ್ನೇ ನೋಡುತ್ತಿತ್ತು.

ಅವಳೇನೂ ಮಾಂಸ ಬಿಟ್ಟವಳಲ್ಲ. ಹಬ್ಬದ ದಿನ ಎಲ್ಲರೊಂದಿಗೆ ಕೂತು ಉಂಡಳು. ಅವಳಿಗೆ ನುಂಗಲಾಗದ್ದು ಬೇರೆ. ಅಂದು ಡೈರಿಯಲ್ಲಿ ಬರೆದದ್ದನ್ನು, ಮೇಜಿನ ಮೇಲೆ ಪಕ್ಕದಲ್ಲೇ ಇದ್ದ ನಾನು ಕಂಡೆ: 'ಕೊಲ್ಲುವವರು ಕೊಲ್ಲಲಿ. ಕರೆದವಳು ನಾನು.'

ಮುಂದಿನ ವರ್ಷವೆಲ್ಲ ಕರೆದಳು. ಆದರೆ ನವೆಂಬರ್ ಕಳೆದಂತೆ ಅವಳ ಕೈ ಭಾರವಾಗತೊಡಗಿತು. ಅಪ್ಪನಿಗೆ ಹೇಳಬೇಕೆಂದು ಬಾಗಿಲವರೆಗೆ ಹೋಗುತ್ತಿದ್ದಳು, ನೀರು ಕುಡಿದು ಹಿಂದಿರುಗುತ್ತಿದ್ದಳು. ಹಬ್ಬಕ್ಕೆ ಎರಡು ವಾರ ಇದ್ದಾಗ ಒಂದು ಮಧ್ಯಾಹ್ನ ಅವ್ವನ ಹೊಲಿಗೆ ಯಂತ್ರದ ಖಾನೆಯಿಂದ ಒಂದು ತ್ರಿಕೋನದ ಸೀಮೆಸುಣ್ಣ ತೆಗೆದಳು. ಬಟ್ಟೆಗೆ ಗುರುತು ಹಾಕುವ, ಮೇಣ ಬೆರೆಸಿದ ಸೀಮೆಸುಣ್ಣ. ಅದನ್ನು ನನ್ನ ತುಟಿಗಳ ಮೇಲೆ ನಿಧಾನವಾಗಿ, ತಪ್ಪು ಮಾಡುತ್ತಿದ್ದೇನೆಂದು ಬಲ್ಲವರ ಹಾಗೆ, ಉದ್ದಕ್ಕೂ ಎಳೆದಳು. ತುಟಿ ತಣ್ಣಗಾಯಿತು. ಹೊಳೆಯಿತು. ಸಂಜೆ ಹಿಡಿಕೆ ಎಳೆದಾಗ ನನ್ನಿಂದ ಏನೂ ಹೊರಡಲಿಲ್ಲ.

ನಿಜ ಹೇಳುತ್ತೇನೆ, ನನಗೆ ಹಾಯೆನಿಸಿತು. ಯಾರನ್ನೂ ಎಲ್ಲಿಗೂ ಕರೆಯದೆ ಸುಮ್ಮನಿರುವ ಸುಖವನ್ನು ನಾನು ಕಂಡಿರಲೇ ಇಲ್ಲ.

ಆ ಸುಖ ನಾಲ್ಕು ದಿನದ್ದು. ಕರೆ ಕೇಳದ ಕೋಳಿಗಳು ಹುಣಸೆ ಮರಗಳಲ್ಲೇ ಉಳಿದವು. ಐದನೆಯ ಬೆಳಗು ಬಯಲಲ್ಲಿ ಮೂರು ಕೋಳಿಗಳ ಪುಕ್ಕ ಹರಡಿತ್ತು. ಕೆಳಗೆ ಮಲಗಿದ್ದವನ್ನು ನಾಯಿಗಳು ಎಳೆದಿದ್ದವು. ತಬಿಥಾ ಪುಕ್ಕಗಳನ್ನು ಆರಿಸಿ ಬುಟ್ಟಿಗೆ ತುಂಬಿದಳು. ಅಂದು ಡೈರಿ ತೆರೆಯಲಿಲ್ಲ.

ಈಗ ನಾನಿರುವುದು ಸಾಲೋಮಿಯ ಹಳೆಯ ಟ್ರಂಕಿನಲ್ಲಿ, ಒಂದು ಉಣ್ಣೆಯ ಶಾಲಿನ ಕೆಳಗೆ. ಮುಚ್ಚಳದ ತಿರುಪು ತುಕ್ಕು ಹಿಡಿದಿದೆ. ಸಮಾಧಾನಪ್ಪ ತಾಟು ಬಡಿದು ಕೋಳಿಗಳನ್ನು ಕೂಡುತ್ತಾನೆ. ಕೆಲವು ಬರುತ್ತವೆ, ಕೆಲವು ಬರುವುದಿಲ್ಲ. ವ್ಯಾನು ಈಗಲೂ ಬರುತ್ತದೆ. ನಾನು ಒಳ್ಳೆಯವಳೂ ಅಲ್ಲ, ಕೆಟ್ಟವಳೂ ಅಲ್ಲ, ಉಜ್ಜಿದರೆ ಕೂಗುವವಳು. ದನಿಯ ಹೊಣೆ ಹೊರುವ ಶಕ್ತಿ ಮರಕ್ಕಿಲ್ಲ, ಅದು ಕೈಗೇ ಇರಬೇಕಾದದ್ದು. ಇದು ನನಗೆ ತಿಳಿದದ್ದು ಆ ಎರಡನೆಯ ಡಿಸೆಂಬರಿನ ಸಂಜೆ. ಅದನ್ನು ಹೇಳಿ ನಿಲ್ಲಿಸುತ್ತೇನೆ.

ಹುಸೇನಸಾಬ ವ್ಯಾನಿಗೆ ಒರಗಿ ನಿಂತಿದ್ದ. ಕೋಳಿಗಳು ಹುಣಸೆ ಕೊಂಬೆಗಳಲ್ಲಿದ್ದವು. ಸಮಾಧಾನಪ್ಪ ಅಂಗಳದ ಕಲ್ಲಿನ ಮೇಲೆ ಕೂತು ನನಗೆ ಆ ಅಗ್ಗದ ಸೀಮೆಸುಣ್ಣವನ್ನು ಉಜ್ಜಿಯೇ ಉಜ್ಜಿದ. ಮೇಣದ ಮೇಲೆ ಅದು ನಿಲ್ಲಲಿಲ್ಲ, ಜಾರಿ ಅವನ ಪಂಚೆಯ ಮೇಲೆ ಉದುರಿತು.

"ಅಣ್ಣಾರ, ನಿಮ್ಮ ಪೆಟ್ಟಿಗಿಗೆ ಗಂಟಲಬ್ಯಾನಿ ಬಂದೈತ್ರಿ," ಎಂದ ಹುಸೇನಸಾಬ. "ಒಂದೀಟು ಶುಂಠಿ ಕಷಾಯ ಕುಡಸ್ರಿ. ಇಲ್ಲಾಂದ್ರ ನಾ ಬ್ಯಾರೆ ಕಡೆ ನೋಡ್ಕೋತೇನಿ. ಹಬ್ಬ ಕಾಯಾಂಗಿಲ್ಲ."

ಸಮಾಧಾನಪ್ಪ ನಗಲಿಲ್ಲ. ನನ್ನನ್ನು ಮಡಿಲಲ್ಲಿಟ್ಟುಕೊಂಡು ತನ್ನ ಅಂಗೈಗಳನ್ನು ತಿರುಗಿಸಿ ನೋಡಿಕೊಂಡ.

"ಅಕ್ಕ ಹೇಳಿದ್ಲು, ಮುಟ್ಟಬ್ಯಾಡ ಅಂತ. ನಾನ ಎಂದರ ಮರತು ಮುಟ್ಟಿರಬೇಕು. ಮೂರು ಕೋಳಿ ಸತ್ತದ್ದೂ ನನ್ನ ಈ ಕೈಯಿಂದನ." ಅಂಗೈಗಳನ್ನು ಪಂಚೆಗೆ ಒರೆಸಿಕೊಂಡ. ಮತ್ತೆ ಒರೆಸಿಕೊಂಡ.

ತಬಿಥಾ ಬಾಗಿಲಲ್ಲಿದ್ದಳು. ಈ ಸಲ ನೀರಿಗೆ ಹೋಗಲಿಲ್ಲ. ಅಂಗಳ ದಾಟಿ ಬಂದು ಅಪ್ಪನ ಎದುರು ನಿಂತಳು. ಹುಸೇನಸಾಬನಿಗೂ ಕೇಳುವಷ್ಟು ಜೋರಾಗಿ ಹೇಳಿದಳು:

"ನಿಮ್ಮ ಕೈಯಿಂದ ಅಲ್ಲಪ್ಪಾ. ಬೇಕಂತನ ಮೇಣದ ಖಡು ಹಚ್ಚಿ ನಾನ ಅದರ ಬಾಯಿ ಕಟ್ಟೇನಿ. ಅವು ನನ್ನ ನಂಬಿ ಬರತಾವ, ಅಪ್ಪಾ. ನಾ ಕರೆಯಾಂಗಿಲ್ಲ."