ನಿಮ್ಮಿಷ್ಟ

"ಅದು ನಿಮ್ಮಿಷ್ಟ," ಎಂದರು ಡಾಕ್ಟರಮ್ಮ.

ದರ್ಜಿಗೆ ದಿಕ್ಕೇ ತೋಚಲಿಲ್ಲ. ಐವತ್ತು ವರ್ಷ ಈ ಮಾತನ್ನು ಅವನು ಗಿರಾಕಿಗಳ ಬಾಯಲ್ಲಿ ಕೇಳಿದವನು. ಕಾಲರ್ ಹೇಗಿರಲಿ ಎಂದರೆ 'ನಿಮ್ಮಿಷ್ಟ' ಅನ್ನುವರು. ನಿನಗೆ ಗೊತ್ತು, ನೀನೇ ಮಾಡು ಎಂದು ಅದರ ಅರ್ಥ. ಈಗ ಅವನ ಬಲಗೈಯ ಮೂರು ಬೆರಳುಗಳಿಗೆ ಜೋಮು ಹಿಡಿದಿತ್ತು. ಬಿಳಿ ಬಟ್ಟೆಗೆ ರಕ್ತ ಹತ್ತಿದ ಮೇಲೇ ಸೂಜಿ ಚುಚ್ಚಿದ್ದು ತಿಳಿಯುತ್ತಿತ್ತು.

"ಅಯ್ಯೋ ತಾಯಿ, ನಂಗೇನ್ ಗೊತ್ತು? ನಿಮ್ಮಿಷ್ಟ," ಎಂದ.

"ಇಲ್ಲ, ನಿಮ್ಮಿಷ್ಟ."

ಸೊಸೆ ನಕ್ಕಳು. ಅವಳು ದುಡಿಯುವ ಕಾರ್ಖಾನೆಯ ವಿಮೆಯಲ್ಲಿ ಅತ್ತೆ ಮಾವನ ಹೆಸರೂ ಇತ್ತು. "ಮಾವ, ವಿಮೆ ಇರೋದೇ ಇದಕ್ಕೆ. ಸರ್ಕಾರಿ ಆಸ್ಪತ್ರೇಲಿ ಯಾರು ಸಿಕ್ಕಿದ್ರೆ ಅವ್ರೇ ದೇವ್ರು. ಇಲ್ಲಿ ನಿಮಗೆ ಹಿಡಿಸಿದವರನ್ನ ಆರಿಸ್ಕೋಬಹುದು."

"ಮದುವೇಲೂ ನನ್ನ ಯಾರೂ ಕೇಳಿರ್ಲಿಲ್ಲ ಕಣಮ್ಮ, ಹೆಣ್ಣು ಹಿಡಿಸ್ತಾ ಅಂತ."

ನಿನ್ನೆ ಕಂಡ ದೊಡ್ಡ ಡಾಕ್ಟರು ಅವನ ಕೈ ಮುಟ್ಟಿರಲಿಲ್ಲ. ನರದ ಪರೀಕ್ಷೆಯ ಪರದೆಯ ಮೇಲಿನ ಗೆರೆಗಳನ್ನು ನೋಡಿ, ಮಣಿಕಟ್ಟು ಕೊಯ್ದು ನರ ಸಡಿಲಿಸಬೇಕು, ತಡಮಾಡಿದರೆ ಬೆರಳುಗಳ ಆಸೆ ಬಿಡಿ ಎಂದಿದ್ದರು. ಈಕೆ ಒಂದೊಂದೇ ಬೆರಳು ಒತ್ತಿ, ಪಿನ್ನು ತಾಗಿಸಿ ನೋಡಿ, ಪಟ್ಟಿ ಕಟ್ಟಿಕೊಂಡು ಒಂದು ತಿಂಗಳು ಕಾಯಬಹುದು, ಕೊಯ್ಯಿಸಿಕೊಂಡರೂ ತಪ್ಪಿಲ್ಲ ಎನ್ನುತ್ತಿದ್ದರು.

ಕತ್ತರಿ ಹಾಕುವವರು ಅಳತೆ ತೆಗೆದಿಲ್ಲ. ಅಳತೆ ತೆಗೆದವರು ಕತ್ತರಿ ಹಾಕುತ್ತಿಲ್ಲ. ಇಬ್ಬರನ್ನೂ ಸೇರಿಸಿ ಹೊಲಿಯುವ ಹಾಗಿದ್ದರೆ ಎಂದುಕೊಂಡ.

"ಅಳತೆ ತಗೊಂಡವ್ರ ಮಾತೇ ಇರ್ಲಿ," ಎಂದ ಕೊನೆಗೆ.

ತಿಂಗಳಿಡೀ ಪಟ್ಟಿ ಕಟ್ಟಿಕೊಂಡು ಅಂಗಡಿಯಲ್ಲಿ ಕುಳಿತ. ಬಟ್ಟೆ ಕೇಳಿದವರಿಗೆ 'ನಾಳೆ ಬನ್ನಿ' ಎಂದ. ಅದರಲ್ಲಿ ಹೊಸದೇನೂ ಇರಲಿಲ್ಲವಾದ್ದರಿಂದ ಯಾರಿಗೂ ಅನುಮಾನ ಬರಲಿಲ್ಲ.

ಮತ್ತೆ ಹೋದಾಗ ಡಾಕ್ಟರಮ್ಮ ಪಟ್ಟಿ ಬಿಚ್ಚಿ, "ಹೇಗಿದೆ ಈಗ?" ಎಂದರು.

"ಒಂದ್ಸಲ ವಾಸಿ ಅನ್ಸುತ್ತೆ, ಒಂದ್ಸಲ ಇಲ್ಲ. ಆರಿಸ್ಕೊಂಡಿದ್ದೇ ತಪ್ಪಾಯ್ತೇನೋ ತಾಯಿ. ಬೇರೆಯವ್ರು ಹೇಳಿದ್ದಿದ್ರೆ ಬೈಯೋಕಾದ್ರೂ ಒಬ್ರು ಇರ್ತಿದ್ರು."

"ನೋಡೋಣ. ಕಣ್ಣು ಮುಚ್ಕೊಳ್ಳಿ. ನಾನು ಮುಟ್ಟಿದ್ದು ಯಾವ ಬೆರಳು ಅಂತ ಹೇಳ್ತಾ ಹೋಗಿ."

ಅವನು ಮೇಜಿನ ಮೇಲೆ ಬಲಗೈ ಚಾಚಿ ಕಣ್ಣು ಮುಚ್ಚಿದ. ಪಕ್ಕದ ಕೋಣೆಯಲ್ಲಿ ಯಾರೋ ಕೆಮ್ಮಿದರು. ಕುರ್ಚಿ ಸರಿದ ಸದ್ದಾಯಿತು. ಅವನು ಕಾದ.

"ಶುರು ಮಾಡಿ ತಾಯಿ," ಎಂದ.

ಡಾಕ್ಟರಮ್ಮನ ಪಿನ್ನು ಆಗಲೇ ಮೂರನೆಯ ಬೆರಳಿಗೆ ಬಂದಿತ್ತು. ಸೊಸೆ ಅವನ ಎಡಗೈ ಹಿಡಿದುಕೊಂಡಳು; ಅದೊಂದು ಅವನಿಗೆ ತಿಳಿಯಿತು.