ಎಪ್ಪತ್ತಾರನೆಯ ಪ್ರತಿ

“ಬೋಳಿಮಗನೆ, ಕಣ್ಣು ಎಲ್ಲಿಟ್ಟಿದ್ದೀಯೋ? ಹಣೆ ಮೇಲಿರಬೇಕಾದ ಕುಂಕುಮ ಹುಬ್ಬಿಗೆ ಇಳಿದಿದೆಯಲ್ಲೋ.”

ಕೇಶವಮೂರ್ತಿ ಹಾಳೆಯನ್ನು ಎತ್ತಿ ಬೆಳಕಿಗೆ ಹಿಡಿದ, ಇನ್ನೂ ಹಸಿಯಾಗಿದ್ದ ಅದನ್ನು ಎರಡಾಗಿ ಹರಿದು ಬುಟ್ಟಿಗೆ ಎಸೆದ. ಕೆಟ್ಟ ಹಾಳೆಯನ್ನು ಅಲ್ಲೇ ಹರಿಯಬೇಕು, ಒಂದು ಚೂರೂ ಹೊರಗೆ ಹೋಗಬಾರದು. ಎಪ್ಪತ್ತೈದೇ ಪ್ರತಿ ಎಂದು ಸಾರಿ ಮಾರುವ ಚಿತ್ರದ ಕಟ್ಟಳೆ ಅದು. ಕೆಂಪಣ್ಣ ಬುಟ್ಟಿಯ ಕಡೆ ನೋಡಲಿಲ್ಲ. ಒಂದು ಕಣ್ಣು ಆ ಚೂರಿನಲ್ಲಿ, ಒಂದು ಕಣ್ಣು ಈ ಚೂರಿನಲ್ಲಿ ಆಗಿ ಬುಟ್ಟಿಯಲ್ಲಿ ಬಿದ್ದಿದ್ದ ಮುಖ ಅವನ ತಾಯಿ ಚಿಕ್ಕತಾಯಮ್ಮನದು.

“ತಪ್ಪಾಯ್ತು ಸಾ. ಹಾಳೆ ವಸಿ ಜರುಗ್‌ಬುಡ್ತು.”

“ಜರುಗಿದ್ದು ಹಾಳೆಯಲ್ಲ, ನಿನ್ನ ಬುದ್ಧಿ. ಎಳಿ ಇನ್ನೊಂದು.”

ಕೆಂಪಣ್ಣ ಹೊಸ ಹಾಳೆ ಇಟ್ಟು, ಚೌಕಟ್ಟಿಗೆ ಬಟ್ಟೆ ಬಿಗಿದ ಸ್ಕ್ರೀನ್ ಇಳಿಸಿ, ರಬ್ಬರ್ ಪಟ್ಟಿ ಹಿಡಿದು ಬಣ್ಣ ಎಳೆದ. ನಾಲ್ಕು ಬಣ್ಣಕ್ಕೆ ನಾಲ್ಕು ಸ್ಕ್ರೀನು. ಕಪ್ಪಿನದರಲ್ಲಿ ಅವ್ವನ ಮುಖ, ಅಷ್ಟೇ. ಕೇಸರಿಯದರಲ್ಲಿ ಹಿಂದುಗಡೆ ಒಂದು ಗುಡಿಯ ಬಾಗಿಲು, ಹಸಿರಿನದರಲ್ಲಿ ಸೀರೆ, ಕೊನೆಯದರಲ್ಲಿ ಕಾಸಿನಗಲ ಕುಂಕುಮ. ಊರಿನ ಯಾವ ಗುಡಿಯವರು ಅವಳನ್ನು ಹೊಸ್ತಿಲ ತನಕ ಬಿಟ್ಟಿದ್ದರೋ ದೇವರೇ ಬಲ್ಲ. ದಿಲ್ಲಿಯಲ್ಲಿ ಮಾತ್ರ ಆ ಬಾಗಿಲು ಅವಳ ತಲೆಯ ಹಿಂದೆ ಎಪ್ಪತ್ತೈದು ಸಲ ತೆರೆದುಕೊಂಡಿತು.

ಅದು ಎರಡು ಸಾವಿರದ ಏಳನೇ ಇಸವಿ. ಸ್ವಾತಂತ್ರ್ಯಕ್ಕೆ ಅರವತ್ತು ತುಂಬುತ್ತದೆ, ದೇಶದ ಮುಖ ಯಾವುದು ಎಂದು ತೋರಿಸುವ ಚಿತ್ರವೊಂದನ್ನು ಮಾಡಿಕೊಡಿ ಎಂದು ಒಂದು ಗ್ಯಾಲರಿಯವರು ಕೇಶವಮೂರ್ತಿಯನ್ನು ಕೇಳಿದ್ದರು. ಮೈಸೂರಿನ ಅಗ್ರಹಾರದಿಂದ ಬಂದು ದಿಲ್ಲಿಯಲ್ಲಿ ಹೆಸರು ಮಾಡಿದ ಕಲಾವಿದ ಅವನು. ದೇಶದ ಮುಖವನ್ನು ಎಲ್ಲೆಲ್ಲೋ ಹುಡುಕಿ ಸಿಕ್ಕದೆ, ಒಂದು ದಿನ ತನ್ನದೇ ಅಚ್ಚಿನ ಕೋಣೆಯ ಗೋಡೆಯ ಮೇಲೆ ಕಂಡುಕೊಂಡ. ಕೆಂಪಣ್ಣ ಅಲ್ಲಿ ಟೇಪು ಹಚ್ಚಿ ಅಂಟಿಸಿದ್ದ ಫೋಟೊ ಅದು. ವಿಧವಾ ವೇತನದ ಅರ್ಜಿಗೆಂದು ಮಳವಳ್ಳಿಯ ಸ್ಟುಡಿಯೋದಲ್ಲಿ ತೆಗೆಸಿದ್ದು. ಚಿಕ್ಕತಾಯಮ್ಮ ಬದುಕಿನಲ್ಲಿ ತೆಗೆಸಿಕೊಂಡಿದ್ದು ಅದೊಂದೇ ಫೋಟೊ.

“ಎರಡು ದಿನ ಕೊಟ್ಟಿರು, ವಾಪಸು ಕೊಡ್ತೀನಿ” ಅಂದಿದ್ದ ಕೇಶವಮೂರ್ತಿ. ಫೋಟೊ ವಾಪಸು ಬರಲಿಲ್ಲ. ಕೇಳಿದರೆ, “ಸ್ಕ್ಯಾನ್ ಮಾಡೋಕೆ ಕಳಿಸಿದ್ದೆ, ಎಲ್ಲೋ ಕಳೆದುಹಾಕಿದ್ದಾರಪ್ಪ” ಅಂದ.

ಕುಂಕುಮದ ವಿಷಯ ಬಂದಾಗ ಕೆಂಪಣ್ಣ ಒಂದು ಮಾತು ಆಡಿಯೂ ನೋಡಿದ. “ನಮ್ಮವ್ವ ಕುಂಕುಮ ಇಕ್ತಿರ್ನಿಲ್ಲ ಸಾ. ಅಪ್ಪ ಸತ್ತಾಗ ನಾನಿನ್ನೂ ಮೊಲೆ ಬುಟ್ಟಿರ್ನಿಲ್ಲ.”

“ಇದು ನಿಮ್ಮವ್ವ ಅಲ್ಲ ಕಣೋ, ಭಾರತಮಾತೆ. ಬೋಳು ಹಣೆ ಇಟ್ಟು ಅವಳನ್ನ ಯಾರ ಮುಂದೆ ನಿಲ್ಲಿಸಲಿ?” ಎಂದು ಕೇಶವಮೂರ್ತಿ ನಕ್ಕ. ನಗುತ್ತಲೇ ಟೀ ಬಗ್ಗಿಸಿಕೊಂಡ. ಅವನ ಕಪ್ಪು ಮೇಜಿನ ಮೇಲಿರುತ್ತಿತ್ತು, ಕೆಂಪಣ್ಣನ ಗಾಜಿನ ಲೋಟ ಕಿಟಕಿಯ ಕಟ್ಟೆಯಲ್ಲಿ ಸೀಮೆಎಣ್ಣೆ ಡಬ್ಬಿಯ ಪಕ್ಕ ಇರುತ್ತಿತ್ತು. ಅಲ್ಲಿಡು ಎಂದು ಯಾರೂ ಹೇಳಿರಲಿಲ್ಲ, ಬೇಡ ಎಂದೂ ಹೇಳಿರಲಿಲ್ಲ.

ಬಿಟ್ಟು ಹೋಗಬಹುದಿತ್ತಲ್ಲ ಎಂದರೆ, ಎಲ್ಲಿಗೆ? ದಲಿತ ಸಂಘದ ರ್‍ಯಾಲಿಗೆ ಬ್ಯಾನರು ಅಚ್ಚು ಹಾಕಿಕೊಂಡು ದಿಲ್ಲಿಗೆ ಬಂದವನು ಕೆಲಸ ಸಿಕ್ಕಿತೆಂದು ಉಳಿದುಬಿಟ್ಟಿದ್ದ. ಲಕ್ಷ್ಮೀ ನಗರದಲ್ಲಿ ಕೋಚಿಂಗ್ ಸೆಂಟರೊಂದರ ತಾರಸಿ ಮೇಲೆ ತಗಡಿನ ಕೋಣೆ. ಕೆಳಗೆ ನೂರಾರು ಹುಡುಗರು, ಒಬ್ಬನಿಗೂ ಅವನ ಮಾತು ಬಾರದು. ಅವ್ವ ಸತ್ತ ಸುದ್ದಿ ಬಂದು ರೈಲು ಹಿಡಿದು ಊರು ಮುಟ್ಟುವಷ್ಟರಲ್ಲಿ ಮಣ್ಣು ಮಾಡಿ ಆಗಿತ್ತು. ತಿರುಗಿ ಬಂದ ಮೇಲೆ ಅವನ ಕಿವಿಗೆ ಬೀಳುತ್ತಿದ್ದ ಕನ್ನಡವೆಂದರೆ ಕೇಶವಮೂರ್ತಿಯ ಬೈಗುಳ ಒಂದೇ. ನಾಚಿಕೆಗೇಡು ಅನ್ನಿ, ಭಾನುವಾರ ಅದೂ ಇಲ್ಲದೆ ಅವನಿಗೆ ಬಿಕೋ ಅನ್ನಿಸುತ್ತಿತ್ತು.

ಎಪ್ಪತ್ತೈದೂ ಮುಗಿದ ದಿನ ಅವನು ಕೈ ತೊಳೆದುಕೊಂಡು ಬಂದು ಬಾಗಿಲ ಬಳಿ ನಿಂತ.

“ಸಾ, ಅಚ್ಚಾಕ್ದೋನ್ಗೆ ಒಂದ್ ಪ್ರತಿ ಕೊಡೋದು ವಾಡ್ಕೆ ಅಲ್ವಾ. ಇದುವರ್ಗೂ ಕೊಟ್ಟಿದ್ನೆಲ್ಲಾ ಸುತ್ತಿ ಮಂಚದ್ ಕೆಳಗ್ ಮಡಗಿವ್ನಿ, ಬಿಚ್ಚೂ ನೋಡಿಲ್ಲ. ಈ ಸಲದ್ದು ಮಾತ್ರ ಬೇಕು ಸಾ.”

“ಅಯ್ಯೋ, ಆ ಪ್ರತಿ ಯಾರೋ ರಾಯಭಾರಿಗೆ ಹೋಯಿತಲ್ಲೋ. ಗ್ಯಾಲರಿಯ ಸಂಯುಕ್ತಾ ಮಾತು ಕೊಟ್ಟುಬಿಟ್ಟಿದ್ದಾಳೆ.”

“ನಮ್ಮವ್ವುನ್ ಪಟ ಇನ್ನೊಂದಿಲ್ಲ ಸಾ.”

“ನೋಡೋಣ ಬಿಡು. ನೀನು ಕೆಟ್ಟ ಹಾಳೆ ಗಿಳೆ ಎತ್ತಿಟ್ಟುಕೊಂಡಿಲ್ಲ ತಾನೆ?”

ಎತ್ತಿಟ್ಟುಕೊಳ್ಳುವುದು ಕಷ್ಟವೇನೂ ಇರಲಿಲ್ಲ. ಆದರೆ ಹೆತ್ತವಳನ್ನು ಯಾರಾದರೂ ಕದ್ದುಕೊಂಡು ಮನೆಗೆ ಹೋಗುತ್ತಾರೆಯೇ? ಕೆಂಪಣ್ಣ ಚಪ್ಪಲಿ ಮೆಟ್ಟಿಕೊಂಡು ಬಸ್ಸಿಗೆ ನಡೆದ.

ಪ್ರದರ್ಶನ ಚಾಣಕ್ಯಪುರಿಯ ಒಂದು ಬಂಗಲೆಯಲ್ಲಿ. ಗ್ಯಾಲರಿಯ ಒಡತಿ ಸಂಯುಕ್ತಾ ದಿಲ್ಲಿಯಲ್ಲೇ ಬೆಳೆದ ಕನ್ನಡದ ಹುಡುಗಿ. ಅಡುಗೆಮನೆಯ ಬಾಗಿಲಿನಿಂದ ಕೆಂಪಣ್ಣನನ್ನು ಒಳಗೆ ಕರೆದುಕೊಂಡು ಅವನ ಬಣ್ಣ ಹತ್ತಿದ ಅಂಗಿ ನೋಡಿ ಮುಖ ಹಿಂಡಿದಳು. “ಭಯ್ಯಾ, ಯೇ ನಹೀ ಚಲೇಗಾ. ಗೆಸ್ಟ್ಸ್ ಇದಾರೆ. ಈ ಕುರ್ತಾ ಹಾಕ್ಕೊಳಿ, ನೀವೇ ಇಟ್ಕೋಬಹುದು.” ಹಾಲಿನಷ್ಟು ಬಿಳಿಯ ಖಾದಿ. ಅವನು ಅಂಗಿ ಬಿಚ್ಚಿ ಅದನ್ನು ತೊಟ್ಟ.

ದೊಡ್ಡ ಕೋಣೆಯ ನಡುಗೋಡೆಯಲ್ಲಿ ಅವ್ವ ಗಾಜಿನ ಹಿಂದೆ ನಿಂತಿದ್ದಳು. ಕೆಳಗೆ ಇಂಗ್ಲಿಷಿನಲ್ಲಿ ಏನೋ ಬರೆದಿತ್ತು.

“ಏನಂತ ಬರ್ದವ್ರೆ ಮೇಡಂ?”

“ಅನಾಮಿಕ ಭಾರತೀಯ ಹೆಣ್ಣು. ಮತ್ಲಬ್, ಹೆಸರು ಗೊತ್ತಿಲ್ಲ ಅಂತ.”

“ಹೆಸ್ರದೆ ಮೇಡಂ. ಚಿಕ್ಕತಾಯಮ್ಮ ಅಂತವ.”

“ಅಚ್ಛಾ, ಸೋ ಸ್ವೀಟ್. ಅದೆಲ್ಲ ಆಮೇಲೆ ನೋಡೋಣ. ಚಲೋ ಭಯ್ಯಾ, ಕ್ಯಾನ್ಸಲ್ ಮಾಡೋ ಟೈಮ್ ಆಯ್ತು.”

ಪ್ರತಿಗಳು ಮುಗಿದ ಮೇಲೆ ಮೂಲದ ಸ್ಕ್ರೀನಿನ ಮೇಲೆ ಕತ್ತಿಯಿಂದ ಅಡ್ಡ ಉದ್ದ ಗೀಟು ಎಳೆದು ಅದನ್ನು ಕೊಲ್ಲಬೇಕು. ಕೊಂದದ್ದಕ್ಕೆ ಸಾಕ್ಷಿಯಾಗಿ, ಗೀಟು ಬಿದ್ದ ಆ ಮುಖವನ್ನು ಒಂದೇ ಒಂದು ಸಲ ಅಚ್ಚು ಹಾಕಿ ತೋರಿಸಬೇಕು. ಹಿಂದೆಲ್ಲ ಎಷ್ಟೋ ಮರಗಳನ್ನು, ಕುದುರೆಗಳನ್ನು, ಬೆತ್ತಲೆ ಹೆಂಗಸರನ್ನು ಕೆಂಪಣ್ಣ ಹಾಗೆ ಕೊಂದಿದ್ದ. ಈ ಸಲ ಕೊಂಡವರ ಕಣ್ಣೆದುರಿಗೇ ಆಗಲಿ ಎಂದು ಮೇಜು ಹಾಕಿದ್ದರು. ಮೇಜಿನ ಮೇಲೆ ಕಪ್ಪಿನ ಸ್ಕ್ರೀನು, ಕಪ್ಪು ಮಸಿ, ರಬ್ಬರ್ ಪಟ್ಟಿ, ಒಂದು ಬಿಳಿ ಹಾಳೆ, ಕತ್ತಿ.

ಕೇಶವಮೂರ್ತಿ ಇಂಗ್ಲಿಷಿನಲ್ಲಿ ದೇಶದ ಬಗ್ಗೆ ಸ್ವಲ್ಪ ಹೊತ್ತು ಮಾತಾಡಿದ. ಜನ ಚಪ್ಪಾಳೆ ತಟ್ಟಿದರು. ಆಮೇಲೆ ಅವನು ಕತ್ತಿಯನ್ನು ಕೆಂಪಣ್ಣನ ಕೈಗಿಟ್ಟು ತಗ್ಗಿದ ದನಿಯಲ್ಲಿ, “ಹಣೆಯಿಂದ ಗಲ್ಲದವರೆಗೆ ಎಳಿ. ಸರಿಯಾಗಿ ಕಾಣಬೇಕು” ಅಂದ.

“ನನ್ ಪ್ರತಿ ಸಾ?”

“ಇಲ್ಲೇನೋ ನಿನ್ನ ರಗಳೆ? ಎಳಿಯೋ ಬೇವರ್ಸಿ.”

ಕೆಂಪಣ್ಣ ಸ್ಕ್ರೀನಿನ ಕಡೆ ನೋಡಿದ. ಕುಂಕುಮವಿಲ್ಲ, ಗುಡಿಯಿಲ್ಲ, ಸೀರೆಗೆ ಬಣ್ಣವಿಲ್ಲ. ಮಳವಳ್ಳಿಯ ಸ್ಟುಡಿಯೋದಲ್ಲಿ ಬೆಳಕಿಗೆ ಹೆದರಿ ಕಣ್ಣು ಕಿರಿದು ಮಾಡಿಕೊಂಡು ಕೂತ ಅವ್ವ ಇದ್ದ ಹಾಗೇ ಇದ್ದಳು. ಅವನು ಕತ್ತಿಯನ್ನು ಮೇಜಿನ ತುದಿಗೆ ಇಟ್ಟು, ಕುರ್ತಾ ಬಿಚ್ಚಿ, ಬೆನ್ನ ಭಾಗ ಮೇಲಾಗುವಂತೆ ಆ ಬಿಳಿ ಹಾಳೆಯ ಮೇಲೆ ಹಾಸಿದ. ತೂತು ಬಿದ್ದ ಬನಿಯನ್ನಿನಲ್ಲಿ ನಿಂತವನನ್ನು ನೋಡಿ ಯಾರೋ ನಕ್ಕರು, ಇದೂ ಕಾರ್ಯಕ್ರಮದ ಭಾಗ ಎಂದುಕೊಂಡು ಇನ್ಯಾರೋ ಫೋಟೊ ಹೊಡೆದರು. ಅವನು ಸ್ಕ್ರೀನ್ ಇಳಿಸಿ, ಮಸಿ ಸುರಿದು, ಎರಡೂ ಕೈಯಿಂದ ಪಟ್ಟಿ ಹಿಡಿದು ಒಂದೇ ಉಸಿರಿಗೆ ಎಳೆದ.

ಸ್ಕ್ರೀನ್ ಎತ್ತಿದಾಗ ಖಾದಿಯ ಮೇಲೆ ಚಿಕ್ಕತಾಯಮ್ಮ ಬಂದಿದ್ದಳು, ಬೋಳು ಹಣೆಯಲ್ಲಿ.

“ವಾಟ್ ಈಸ್ ದಿಸ್,” ಎಂದಳು ಸಂಯುಕ್ತಾ. “ಸರ್, ಯೇ ತೋ ಸೆವೆಂಟಿ ಸಿಕ್ಸ್ ಹೋ ಗಯಾ. ನಾವು ಎಲ್ಲರಿಗೂ ಬರೆದು ಕೊಟ್ಟಿದೀವಿ.”

ಕೇಶವಮೂರ್ತಿ ಕುರ್ತಾಕ್ಕೆ ಕೈ ಹಾಕಿದ. “ಕೊಡೋ ಇಲ್ಲಿ, ಸೂಳೆಮಗನೆ.”

“ಮುಟ್‌ಬ್ಯಾಡಿ ಸಾ. ಅಸಿ ಅದೆ, ನಿಮ್ ಕೈಗ್ ಅತ್ತದೆ.”

ಅವನ ಕೈ ತಾನಾಗಿ ಹಿಂದಕ್ಕೆ ಹೋಯಿತು. ಕೆಂಪಣ್ಣ ಹಸಿ ಕುರ್ತಾವನ್ನು ತಲೆಯ ಮೇಲಿಂದ ಇಳಿಸಿ ತೊಟ್ಟುಕೊಂಡ. ಕತ್ತಿಯನ್ನು ಕೇಶವಮೂರ್ತಿಯ ಕಡೆ ತಳ್ಳಿದ.

“ಸ್ಕ್ರೀನು ನಿಮ್ದು. ಗೀಟ ನೀವೇ ಎಳ್ಕಳಿ.”

ಅವನು ಮುಂಬಾಗಿಲ ಕಡೆಗೆ ನಡೆದ. ಗಂಧದ ವಾಸನೆಯ ಜನ ಮಸಿ ತಾಗೀತೆಂದು ಆ ಕಡೆ ಈ ಕಡೆ ಸರಿದರು, ಅವನ ಬೆನ್ನ ಮೇಲಿಂದ ಚಿಕ್ಕತಾಯಮ್ಮ ಅವರೆಲ್ಲರನ್ನೂ ನೋಡುತ್ತಾ ಹೋದಳು. ಹೊಸ್ತಿಲು ದಾಟುವಾಗ ಹಿಂದೆ ಕತ್ತಿಗೆ ಸ್ಕ್ರೀನಿನ ಬಟ್ಟೆ ಪರ್‍ರೆಂದು ಹರಿದ ಸದ್ದು ಕೇಳಿಸಿತು. ಅವನು ತಿರುಗಲಿಲ್ಲ.

ಲಕ್ಷ್ಮೀ ನಗರದ ಬಸ್ಸಿನಲ್ಲಿ ಇಬ್ಬರು ಕೂರುವ ಸೀಟು ಸಿಕ್ಕಿತು. ಕಂಡಕ್ಟರು ಬೆನ್ನ ಕಡೆ ಬಗ್ಗಿ ನೋಡಿ, “ಕೌನ್ ಹೈ? ಕೋಯಿ ನೇತಾ ಹೈ ಕ್ಯಾ?” ಎಂದು ಕೇಳಿದ.

“ನಮ್ಮವ್ವ,” ಅಂದ ಕೆಂಪಣ್ಣ. ಕಂಡಕ್ಟರಿಗೆ ತಿಳಿಯಲಿಲ್ಲ. ನಾಳೆಯಿಂದ ಬೈಯುವುದಕ್ಕೂ ಈ ಊರಿನಲ್ಲಿ ಅವನಿಗೆ ಕನ್ನಡದವರು ಇರಲಿಲ್ಲ.

ಬಸ್ಸು ತುಂಬಿತು. ಪಕ್ಕಕ್ಕೆ ಬಂದವರೆಲ್ಲ ಹಸಿ ಮಸಿ ನೋಡಿ ದೂರ ನಿಂತರು. ಮಳವಳ್ಳಿ ಬಸ್ಸಿನಲ್ಲೂ ಅವ್ವನ ಪಕ್ಕದ ಸೀಟು ಹೀಗೆಯೇ ಖಾಲಿ ಉಳಿಯುತ್ತಿತ್ತು. ಅವಳು ತನ್ನ ಗಂಟನ್ನು ಅದರ ಮೇಲಿಟ್ಟು, ಕಾಲು ನೀಡಿಕೊಂಡು, ಎಲೆಅಡಿಕೆ ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಕೆಂಪಣ್ಣನೂ ಅವಳು ಒತ್ತಿಹೋಗದ ಹಾಗೆ ಬೆನ್ನು ಮುಂದಕ್ಕೆ ತಂದು, ಎರಡೂ ಸೀಟು ಸೇರಿಸಿಕೊಂಡು ಅಗಲವಾಗಿ ಕೂತ.